ಗಂಟೆ ಸಾಲದವರು

ಮಾರ್ಚ್ 4

ತಮ್ಮಾ,

ಫೋನು ಬಿಟ್ಟು ಇವಳು ಕಾಗದಕ್ಕೆ ಯಾಕೆ ಇಳಿದಳು ಎಂದು ನಗಬೇಡ. ನೀನು ಮಾತುಕತೆಯ ಕೋಣೆಯಿಂದ ಹೊರಗೆ ಬರುವ ಹೊತ್ತಿಗೆ ನನಗೆ ನಿದ್ದೆ, ನಾನು ಶಿಫ್ಟಿಗೆ ಏಳುವ ಹೊತ್ತಿಗೆ ನಿನಗೆ ನಿದ್ದೆ. ಅದೂ ಅಲ್ಲದೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅಕ್ಕ, ಹೂಂ ಅಕ್ಕ" ಎನ್ನುತ್ತೀಯ. ಕೇಳಿಸಿಕೊಂಡೆಯೋ, ಆ ಕಡೆ ಟೀವಿ ನೋಡುತ್ತಿದ್ದೆಯೋ ಗೊತ್ತಾಗುವುದಿಲ್ಲ. ಕಾಗದವಾದರೆ ಓದಲೇಬೇಕು. ಇದನ್ನು ಲಾರಿ ಅಜ್ಜನ ಕೈಗೆ ಕೊಡುತ್ತೇನೆ. ನೀನಿರುವ ಊರಿನ ಲೈನಿಗೆ ಈಗ ಅವನ ದೊಡ್ಡ ಲಾರಿಯೇ ಹೋಗುತ್ತದೆ. ಊರವರ ಪಾರ್ಸೆಲ್‌ಗಳನ್ನೆಲ್ಲ ಮನೆಮನೆಗೆ ಮುಟ್ಟಿಸುವವರು ನಾವು, ನಮ್ಮ ಕಾಗದಕ್ಕೆ ಸ್ಟಾಂಪು ಹಚ್ಚಿ ಕಳಿಸಬೇಕೇ?

ಕಂಪನಿಯ ಜೊತೆ ಹೊಸ ಒಪ್ಪಂದ ಮಾತಾಡುವ ಸಂಘದ ಸಮಿತಿಗೆ ವ್ಯಾನ್ ಡ್ರೈವರುಗಳು ನಿನ್ನನ್ನು ಆರಿಸಿ ಕಳಿಸಿದ್ದಾರೆಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ನಿನ್ನ ಭಾವ ಹೊಲಿಗೆ ಮಷೀನಿನಿಂದ ತಲೆ ಎತ್ತದೆ, "ಮೊದ್ಲೇ ಹೇಳಿದ್ರೆ ಅವನಿಗೊಂದು ಒಳ್ಳೆ ಅಂಗಿ ಹೊಲಿದು ಕೊಡ್ತಿದ್ದೆ" ಎಂದರು. ಅಂಗಿಯ ಮಾತು ಇರಲಿ. ನಿನ್ನ ಮುಂದೆ ಮೇಜಿನ ಮೇಲೆ ನೂರು ವಿಷಯ ಇರುತ್ತವೆ. ನಾನು ಒಂದೇ ಹೇಳುತ್ತೇನೆ.

ನೀವು ಡ್ರೈವರುಗಳು ಖಾಯಂ. ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಬೆಲ್ಟಿನ ಮುಂದೆ ನಿಲ್ಲುವ ನಾವು ಎಷ್ಟು ವರ್ಷ ದುಡಿದರೂ ಪಾರ್ಟ್‌ಟೈಮ್. ತಿಂಗಳಿಗೆ ಇಷ್ಟು ಗಂಟೆ ಕೆಲಸ ತುಂಬಿದರೆ ಮಾತ್ರ ಮುಂದಿನ ತಿಂಗಳು ಕಂಪನಿ ಕೊಟ್ಟ ವಿಮೆಯ ಆಸ್ಪತ್ರೆ ಕಾರ್ಡು ನಡೆಯುತ್ತದೆ. ಅರ್ಧ ಗಂಟೆ ಕಡಿಮೆಯಾದರೂ ಅದು ಬರೀ ಪ್ಲಾಸ್ಟಿಕ್ ಚೂರು. ಇದು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಏನೆಂದರೆ, ಈಗ ತಿಂಗಳ ಕೊನೆ ಬಂತೆಂದರೆ ನಮ್ಮನ್ನು ಬೇಗ ಮನೆಗೆ ಅಟ್ಟುತ್ತಾರೆ. ಹೊಸ ಸೂಪರ್‌ವೈಸರ್ ಒಬ್ಬನಿದ್ದಾನೆ. ನಾವು ಅವನಿಗೆ ಇಟ್ಟ ಹೆಸರು "ದಯವಿಟ್ಟು". ಬೆಲ್ಟಿನ ಪಕ್ಕಕ್ಕೆ ಬಂದು, ಕೈ ಮುಗಿಯುವುದೊಂದು ಬಾಕಿ, "ದಯವಿಟ್ಟು ಇವತ್ತಿಗೆ ಸಾಕು, ಮನೇಗೆ ಹೋಗಿ ರೆಸ್ಟ್ ತಗೊಳ್ಳಿ" ಎನ್ನುತ್ತಾನೆ. ಬೈದರೆ ತಿರುಗಿ ಬೈಯಬಹುದು. ರೆಸ್ಟ್ ತಗೊಳ್ಳಿ ಎನ್ನುವವನಿಗೆ ಏನು ಹೇಳುವುದು? ಹಿಂದೆ ಲಾರಿಗಳು ಮಾಲು ಇಳಿಸಲು ಸಾಲುಗಟ್ಟಿ ನಿಂತಿರುತ್ತವೆ, ನಾವು ಕೈಚೀಲ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿರುತ್ತೇವೆ.

ಈ ತಿಂಗಳ ಗಂಟೆಯ ಷರತ್ತು ಹೋಗಬೇಕು. ಅಷ್ಟೇ. ಬೇರೆ ಏನು ಬಂದರೂ ಸಂತೋಷ.

ನಿನ್ನ ಅಕ್ಕ


ಮಾರ್ಚ್ 16

ಅಕ್ಕಾ,

ಕಾಗದ ಓದಿದೆ, ಎರಡು ಸಲ. ಟೀವಿ ಹಾಕಿರಲಿಲ್ಲ.

ಇಲ್ಲಿಯದು ಬೇರೆಯೇ ಲೋಕ. ನಮಗೆ ಕೊಟ್ಟಿರುವ ಹೋಟೆಲಿನಲ್ಲಿ ನಡೆದರೆ ಹೆಜ್ಜೆ ಸದ್ದಾಗುವುದಿಲ್ಲ, ಅಂಥ ರತ್ನಗಂಬಳಿ. ಉದ್ದನೆಯ ಮೇಜಿನ ಒಂದು ಕಡೆ ನಾವು, ಎದುರಿಗೆ ಕಂಪನಿಯವರು. ಮಾತಾಡುವುದೆಲ್ಲ ಅವರ ವಕೀಲೆ. ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ ಕೇಳಿಸಿಕೊಳ್ಳಲು ನಾವೇ ಮುಂದಕ್ಕೆ ಬಾಗಬೇಕು. ನನಗೆ ಇಬ್ಬರು ಮಕ್ಕಳೆಂದು ಅವರಿಗೆ ಹೇಗೋ ಗೊತ್ತು. ಚಹಾದ ಹೊತ್ತಿನಲ್ಲಿ "ದೊಡ್ಡವಳು ಶಾಲೆಗೆ ಹೋಗ್ತಾಳಾ?" ಎಂದು ಕೇಳಿದರು. ನನಗೆ ಇಷ್ಟವೂ ಆಯಿತು, ಯಾರು ಹೇಳಿದರೋ ಎಂದು ದಿಗಿಲೂ ಆಯಿತು.

ನಿನ್ನ ವಿಷಯ ನಮ್ಮ ಅಧ್ಯಕ್ಷರ ಕಿವಿಗೆ ಹಾಕಿದ್ದೇನೆ. "ಖಂಡಿತ ಎತ್ತೋಣ, ಸ್ವಲ್ಪ ಟೈಮ್ ನೋಡ್ಕೊಂಡು" ಎಂದರು. ಗೋದಾಮಿನ ಕಡೆಯವರು ಈ ಸಮಿತಿಯಲ್ಲಿ ಯಾರೂ ಇಲ್ಲವೆಂಬುದು ನನಗೆ ಇಲ್ಲಿಗೆ ಬಂದು ಕೂತಮೇಲೆಯೇ ಹೊಳೆದದ್ದು. ಎಲ್ಲರೂ ಡ್ರೈವರುಗಳೇ. ಆದರೆ ನಾನಿದ್ದೇನಲ್ಲ. ನೀನು ಹೇಳಿದ್ದನ್ನು ನಾನು ಬಿಡುವುದಿಲ್ಲ.

ಭಾವನಿಗೆ ಹೇಳು, ಅಂಗಿ ಈಗಲೂ ಬೇಕು. ಇಲ್ಲಿ ಎಲ್ಲರದೂ ಇಸ್ತ್ರಿ ಮಾಡಿದ್ದು.

ನಿನ್ನ ತಮ್ಮ


ಏಪ್ರಿಲ್ 2

ತಮ್ಮಾ,

ಶಿಫ್ಟಿಗೆ ಹೊರಡುವ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು.

ನಮ್ಮ ಗುಬ್ಬಚ್ಚಿಯನ್ನು ನೀನು ನೋಡಿದ್ದೀಯ. ಎರಡನೇ ಬೆಲ್ಟಿನಲ್ಲಿ ನನ್ನ ಪಕ್ಕದವಳು, ಮೇಲಿನ ಪೆಟ್ಟಿಗೆ ಎಟುಕಲಿಲ್ಲವೆಂದು ಹಾಲಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ನಿಲ್ಲುವ ಕುಳ್ಳಿ. ಮೊನ್ನೆ, ತಿಂಗಳ ಕೊನೆಯ ದಿನ, ದಯವಿಟ್ಟು ಬಂದು ಎಂದಿನಂತೆ ಎಲ್ಲರಿಗೂ ಮನೆಗೆ ಹೋಗಿ ಎಂದ. ನಾವು ಹೋಗಿ ಹಾಜರಿ ಯಂತ್ರಕ್ಕೆ ಕಾರ್ಡು ಒತ್ತಿ ಹಾಜರಿ ಮುಗಿಸಿದೆವು. ಚಪ್ಪಲಿ ಬದಲಿಸುತ್ತಾ ನಾವಿಬ್ಬರೇ ಉಳಿದಿದ್ದೆವು, ಅವನು ಮತ್ತೆ ಬಂದ. ಗುಬ್ಬಚ್ಚಿಗೆ, "ಆ ಲಾರೀಲಿ ಒಂದೇ ಸಾಲು ಉಳಿದಿದೆ, ದಯವಿಟ್ಟು ಅದೊಂದು ಇಳಿಸಿ ಹೋಗ್ತೀರಾ?" ಎಂದ. ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೇನೆ. ಅವಳು ಇಲ್ಲವೆನ್ನುವ ಪೈಕಿ ಅಲ್ಲ. ಹೋದಳು. ಆ ಲಾರಿಯಲ್ಲಿ ಪೆಟ್ಟಿಗೆಗಳನ್ನು ಮಾಡಿನವರೆಗೆ ಒಂದರ ಮೇಲೊಂದು ಹೇಗೆಂದರೆ ಹಾಗೆ ಪೇರಿಸಿದ್ದರು. ಅವಳು ಕೆಳಗಿನ ಒಂದನ್ನು ಅಲುಗಿಸಿದ್ದೇ ಇಡೀ ಗೋಡೆ ಅವಳ ಮೇಲೆ ಕುಸಿಯಿತು.

ಬಲ ಭುಜ ಮುರಿದಿದೆ. ಗೇಟಿನಲ್ಲಿದ್ದವರೂ ಓಡಿ ಬಂದರು, ನಾವೇ ಎಳೆದು ತೆಗೆದೆವು, ನಾವೇ ಆಟೋ ಹಿಡಿದೆವು. ಆಸ್ಪತ್ರೆಯ ಕೌಂಟರಿನಲ್ಲಿ ಅವಳ ಕಾರ್ಡು ಉಜ್ಜಿದರು, ತಲೆ ಅಲ್ಲಾಡಿಸಿದರು. ಫೆಬ್ರುವರಿಯಲ್ಲಿ ಅವಳ ಗಂಟೆ ಸಾಲಲಿಲ್ಲವಂತೆ. ಸರಿ, ಕೆಲಸದಲ್ಲಿ ಆದ ಪೆಟ್ಟಲ್ಲವೇ, ಕಂಪನಿಯೇ ಭರಿಸಬೇಕಲ್ಲ ಎಂದು ಮಾರನೇ ದಿನ ಆಫೀಸಿಗೆ ಹೋದೆ. ಅಲ್ಲಿ ಮ್ಯಾನೇಜರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದ:

"ನಮಗೂ ತುಂಬಾ ಬೇಜಾರಾಯ್ತು. ಆದ್ರೆ ಆ ಹೊತ್ತಿಗೆ ಆಯಮ್ಮ ಹಾಜರಿ ಮುಗಿಸಿದ್ರಲ್ಲ. ಡ್ಯೂಟೀಲಿ ಇರ್ಲಿಲ್ಲ."

"ಡ್ಯೂಟೀಲಿ ಇಲ್ದೋರು ಲಾರಿ ಒಳಗೆ ಯಾಕೆ ಹೋಗ್ತಾರೆ?" ಎಂದೆ.

"ಅದನ್ನ ನಾವೂ ಕೇಳ್ತಿದೀವಿ" ಎಂದ.

ದಯವಿಟ್ಟು ಪಕ್ಕದಲ್ಲೇ ನಿಂತಿದ್ದ. ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡುತ್ತಿದ್ದ, ಅದರಲ್ಲಿ ಏನೋ ಹೊಸದು ಬರೆದಂತೆ.

ಈ ಕಡೆಯಿಂದ ಹೋದರೆ ಗಂಟೆ ಸಾಲದು, ಆ ಕಡೆಯಿಂದ ಹೋದರೆ ಕೆಲಸದಲ್ಲೇ ಇರಲಿಲ್ಲ. ಅವಳು ಮನುಷ್ಯಳೋ ಅಲ್ಲವೋ ಎಂದು ಯಾವ ಕೌಂಟರಿನಲ್ಲಿ ಕೇಳಬೇಕು? ಸಂಘದಿಂದ ದೂರು ಬರೆದು ಕೊಟ್ಟಿದ್ದೇವೆ. ನೀನು ಇದನ್ನು ಆ ಮೇಜಿನ ಮೇಲೆ ಇಡು. ಆ ಮೆತ್ತನೆ ಮಾತಿನ ವಕೀಲೆಯ ಮುಂದೆ ಗಟ್ಟಿಯಾಗಿ ಓದು.

ನಿನ್ನ ಅಕ್ಕ


ಏಪ್ರಿಲ್ 21

ಅಕ್ಕಾ,

ಒಪ್ಪಂದದ ಕರಡು ತಯಾರಾಗಿದೆ. ಪೇಪರಿನಲ್ಲಿ ಬರುವ ಮೊದಲು ನಿನಗೆ ನಾನೇ ಹೇಳಬೇಕೆಂದು ಬರೆಯುತ್ತಿದ್ದೇನೆ.

ಡ್ರೈವರುಗಳಿಗೆ ಇಷ್ಟು ದೊಡ್ಡ ಏರಿಕೆ ಹಿಂದೆಂದೂ ಸಿಕ್ಕಿಲ್ಲ. ಪಿಂಚಣಿ ಹೆಚ್ಚಾಗಿದೆ. ವ್ಯಾನಿನಲ್ಲಿ ಬಿಸಿಲಿಗೆ ಫ್ಯಾನು ಕೊಡುತ್ತಾರೆ. ವಾರದ ಆರನೇ ದಿನ ಕೆಲಸಕ್ಕೆ ಕರೆದರೆ ಬರುವುದಿಲ್ಲ ಎನ್ನುವ ಹಕ್ಕು ನಮಗೆ ಸಿಕ್ಕಿದೆ. ನನ್ನ ಮಕ್ಕಳು ಭಾನುವಾರ ಅಪ್ಪನ ಮುಖ ನೋಡಬಹುದು. ಶನಿವಾರ ಭಾನುವಾರಕ್ಕೆಂದು ಕೆಲವರು ಪಾರ್ಟ್‌ಟೈಮ್ ಡ್ರೈವರುಗಳನ್ನು ತೆಗೆದುಕೊಳ್ಳುತ್ತಾರಂತೆ, ಅದೇನು ದೊಡ್ಡ ವಿಷಯವಲ್ಲ. ಗೋದಾಮಿನವರಿಗೂ ಸಂಬಳ ಏರಿದೆ, ನಮ್ಮಷ್ಟಲ್ಲ.

ನಿನ್ನ ಷರತ್ತು ಹೋಗಲಿಲ್ಲ ಅಕ್ಕಾ. ಎರಡು ಸಲ ಎತ್ತಿದೆ. ಗುಬ್ಬಚ್ಚಿಯ ವಿಷಯವನ್ನೂ ಹೇಳಿದೆ. ವಕೀಲೆ ಬರೆದುಕೊಂಡರು. ಮಧ್ಯಾಹ್ನ ಅಧ್ಯಕ್ಷರು ನನ್ನನ್ನು ಕಾರಿಡಾರಿಗೆ ಕರೆದು, "ನೋಡಪ್ಪ, ಅದನ್ನ ಹಿಡ್ಕೊಂಡ್ರೆ ಇದೂ ಹೋಗುತ್ತೆ. ಗೋದಾಮಿನದ್ದು ಮುಂದಿನ ಸಲ ಮಾಡೋಣ" ಎಂದರು. ಉಳಿದವರೆಲ್ಲ ಸಹಿ ಹಾಕಿ ಪೆನ್ನು ನನ್ನ ಕಡೆ ತಳ್ಳಿದರು. ಹಾಕಿದೆ.

ಇನ್ನು ಸದಸ್ಯರೆಲ್ಲ ಮತ ಹಾಕಬೇಕು. ನೀನು ಶಾಂತವಾಗಿ ಯೋಚನೆ ಮಾಡು.

ನಿನ್ನ ತಮ್ಮ


ಏಪ್ರಿಲ್ 26

ಸಂಧಾನ ಸಮಿತಿಯ ಸದಸ್ಯರಿಗೆ,

ಶಾಂತವಾಗಿ ಯೋಚನೆ ಮಾಡಿದೆ. ಮಾಡಿದಷ್ಟೂ ಸಿಟ್ಟು ಏರುತ್ತಿದೆ.

ಫ್ಯಾನು ಸಿಕ್ಕಿದ್ದಕ್ಕೆ ಸಂತೋಷ. ನಿಮ್ಮ ವ್ಯಾನಿಗೆ ಪಾರ್ಸೆಲ್ ಬರುವುದು ಎಲ್ಲಿಂದ? ತಗಡಿನ ಲಾರಿಯೊಳಗೆ ನಾವು ಬೆವರಿ ಇಳಿಸಿ, ಬೆಲ್ಟಿಗೆ ಹಾಕಿ, ವಿಂಗಡಿಸಿ, ನಿಮ್ಮ ಕೈಗೆಟುಕುವ ಹಾಗೆ ಜೋಡಿಸಿ ಇಡುತ್ತೇವೆ. ಆಮೇಲೆ ನೀವು ಬಂದು ಗಾಡಿ ಏರುತ್ತೀರಿ. ಗಿರಾಕಿಯ ಮನೆ ಬಾಗಿಲಲ್ಲಿ ಅವರು ನಿಮ್ಮ ಮುಖ ನೋಡಿ ನಗುತ್ತಾರೆ. ನಮ್ಮ ಮುಖ ಯಾರಿಗೂ ಕಾಣುವುದಿಲ್ಲ. ಕಂಪನಿಗೆ ಕಾಣುವುದಿಲ್ಲವೆಂದು ಗೊತ್ತಿತ್ತು. ನಿನಗೂ ಕಾಣದಷ್ಟು ದೂರ ನೀನು ಹೋಗಿದ್ದೀಯೆಂದು ಗೊತ್ತಿರಲಿಲ್ಲ.

ಮುಂದಿನ ಸಲ ಎನ್ನುತ್ತಾರೆ ನಿಮ್ಮ ಅಧ್ಯಕ್ಷರು. ನಾನು ಸೇರಿದ ವರ್ಷವೂ ಅದನ್ನೇ ಹೇಳಿದ್ದರು, ಆಮೇಲಿನ ಒಪ್ಪಂದದಲ್ಲೂ ಅದನ್ನೇ ಹೇಳಿದರು. ಮೂಗಿಗೆ ತುಪ್ಪ ಸವರುವುದಕ್ಕೂ ಒಂದು ಮಿತಿ ಬೇಡವೇ? ಗುಬ್ಬಚ್ಚಿ ಎಡಗೈಯಲ್ಲಿ ಬಟ್ಟೆ ಹಿಂಡಲು ಹೆಣಗುತ್ತಿದ್ದಾಳೆ. ಆ ಭುಜಕ್ಕೆ ಆಪರೇಷನ್ ಆಗಬೇಕಂತೆ. ಮೂಳೆ ಕೂಡಿಕೊಳ್ಳಲು ಮುಂದಿನ ಸಲದವರೆಗೆ ಕಾಯುತ್ತದೆಯೇ ಎಂದು ಕೇಳಿ ಬರೆಯಿರಿ.

ವಕೀಲೆ ಬರೆದುಕೊಂಡರಂತೆ. ಬರೆದುಕೊಳ್ಳುವುದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಬಿಟ್ಟು ಕೊಡದೆ ಕೂರುವುದಕ್ಕೆ ನಿನ್ನನ್ನು ಕಳಿಸಿದ್ದರು.

ಪೆನ್ನು ನಿನ್ನ ಕಡೆ ತಳ್ಳಿದರು, ಹಾಕಿದೆ ಎಂದು ಬರೆದಿದ್ದೀಯ. ಪೆನ್ನು ತಾನಾಗಿ ಬರೆಯುವುದಿಲ್ಲ ತಮ್ಮಾ. ನಾಳೆಯಿಂದ ನಾನು ಗೇಟಿನಲ್ಲಿ ನಿಂತು ಈ ಒಪ್ಪಂದಕ್ಕೆ ಬೇಡ ಎಂದು ಮತ ಹಾಕಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿನ್ನ ಡ್ರೈವರುಗಳಿಗೂ ಹೇಳುತ್ತೇನೆ. ಬೆನ್ನ ಹಿಂದೆ ಮಾಡಿದಳು ಎನ್ನಬೇಡ, ಮುಖಕ್ಕೇ ಹೇಳಿದ್ದೇನೆ.

ಎರಡನೇ ಬೆಲ್ಟಿನ ಪಾರ್ಟ್‌ಟೈಮ್ ಹೆಂಗಸು


ಮೇ 8

ಅಕ್ಕಾ,

ನೀನು ಗೇಟಿನಲ್ಲಿ ಏನೇನು ಹೇಳುತ್ತಿದ್ದೀಯ ಎಂದು ದಿನಕ್ಕೆ ಹತ್ತು ಜನ ಫೋನ್ ಮಾಡಿ ಹೇಳುತ್ತಾರೆ. ಅಧ್ಯಕ್ಷರು ಊಟದ ಮೇಜಿನಲ್ಲಿ ಎಲ್ಲರ ಮುಂದೆ, "ಮನೇಲಿರೋ ಅಕ್ಕನ್ನೇ ಒಪ್ಪಿಸೋಕಾಗ್ಲಿಲ್ವಾ?" ಎಂದು ನಕ್ಕರು. ನಾನೂ ನಗಬೇಕಾಯಿತು.

ಇದು ಬಿದ್ದುಹೋದರೆ ಮುಷ್ಕರ. ಮುಷ್ಕರವೆಂದರೆ ಸಂಬಳವಿಲ್ಲ. ನನ್ನ ಹೆಂಡತಿ ಬಾಡಿಗೆಮನೆ ಬಿಟ್ಟು ಸ್ವಂತದ್ದೊಂದಕ್ಕೆ ಮುಂಗಡ ಕೊಡೋಣವೆಂದು ಈ ಏರಿಕೆಯನ್ನೇ ನಂಬಿಕೊಂಡಿದ್ದಾಳೆ. ಇದೆಲ್ಲ ನಿನಗೆ ಕಾಣುವುದಿಲ್ಲವೇ?

ನೀನು ನನ್ನನ್ನು ಸಾಕಿದೆ. ಕೆಲಸಕ್ಕೂ ನೀನೇ ಸೇರಿಸಿದೆ. ಹಾಗೆಂದು ನನ್ನ ಕೈ ನಿನ್ನದಾಗುವುದಿಲ್ಲ. ಆ ಕೋಣೆಯಲ್ಲಿ ಒಂದು ದಿನ ಕೂತು ನೋಡು, ಆಮೇಲೆ ಪೆನ್ನಿನ ಬಗ್ಗೆ ಪಾಠ ಹೇಳು.

ತಮ್ಮ


ಜೂನ್ 3

ತಮ್ಮಾ,

ನಿನ್ನ ಕಾಗದ ಬಂದು ದಿನಗಳಾದವು. ಬರೆಯಲು ಕೂತಾಗಲೆಲ್ಲ ನನ್ನ ಕೈ ನಿನ್ನದಾಗುವುದಿಲ್ಲ ಎಂಬ ಸಾಲೇ ಕಣ್ಣಿಗೆ ಬಿತ್ತು, ಎದ್ದು ಪಾತ್ರೆ ತೊಳೆಯಲು ಹೋದೆ. ಮನೆಯ ಪಾತ್ರೆಗಳೆಲ್ಲ ಈಗ ಫಳಫಳ ಹೊಳೆಯುತ್ತಿವೆ. ನಿನ್ನ ಭಾವನಿಗೆ ಅನುಮಾನ ಬಂದು, "ಯಾರಾದ್ರೂ ನೆಂಟ್ರು ಬರ್ತಿದಾರಾ?" ಎಂದು ಕೇಳಿದರು.

ಒಪ್ಪಂದ ಬಿದ್ದುಹೋದದ್ದು ನಿನಗೆ ಅಲ್ಲಿಯೇ ಗೊತ್ತಾಗಿರುತ್ತದೆ. ಹೇಗೆ ಬಿತ್ತೆಂದು ನಾನು ಹೇಳುತ್ತೇನೆ. ಬೇರೆಯವರ ಬಾಯಲ್ಲಿ ಅದು ಬೇರೆ ಆಗುತ್ತದೆ.

ಬೆಳಿಗ್ಗೆ ವ್ಯಾನ್ ತುಂಬುವ ಹೊತ್ತಿನಲ್ಲಿ ನಿಮ್ಮವರ ಹತ್ತಿರ ಹೋದೆ. ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಹುಡುಗು ಮುಖದ ಡ್ರೈವರ್, "ಅಕ್ಕಾ, ನಮ್ಗೆ ಸಿಕ್ಕಿರೋದನ್ನ ನಾವ್ಯಾಕೆ ಬಿಡ್ಬೇಕು?" ಎಂದ. ತಪ್ಪು ಮಾತೇನಲ್ಲ. ಅಷ್ಟರಲ್ಲಿ ಗುಬ್ಬಚ್ಚಿ ಬಂದಳು, ಕೈ ಜೋಳಿಗೆಯಲ್ಲಿ. ಅವನಿಗೆ ರೇಗಿತು. "ಕರುಣೆ ಬರ್ಲಿ ಅಂತ ಇವರನ್ನ ಕರ್ಕೊಂಡು ಬಂದ್ರಾ?" ಎಂದ. ಗುಬ್ಬಚ್ಚಿ, "ನನ್ನನ್ನ ಯಾರೂ ಕರ್ಕೊಂಡು ಬಂದಿಲ್ಲ. ಒಪ್ಪಂದದ ಕಾಪಿ ಇಲ್ಲಿ ಕೊಡ್ತಾರಂತೆ, ಇಸ್ಕೊಂಡು ಹೋಗೋಕೆ ಬಂದೆ" ಎಂದಳು.

ಅವಳನ್ನು ನೋಡಿ ಯಾರ ಮನಸ್ಸೂ ಕರಗಲಿಲ್ಲ. ಅದನ್ನು ನಿನಗೆ ಸುಳ್ಳು ಹೇಳುವುದಿಲ್ಲ. ಮಾತು ತಿರುಗಿಸಿದ್ದು ಲಾರಿ ಅಜ್ಜ. ಅವನು ಟೈರಿನ ಪಕ್ಕ ಕೂತು ಚಹಾ ಕುಡಿಯುತ್ತಿದ್ದ. ಅಲ್ಲಿಂದಲೇ ಕೇಳಿದ: "ಶನಿವಾರ ಭಾನುವಾರಕ್ಕೆ ಪಾರ್ಟ್‌ಟೈಮ್ ಡ್ರೈವರ್ ಅಂತ ಬರ್ದಿದಾರಲ್ಲ, ಅವರ ಆಸ್ಪತ್ರೆ ಕಾರ್ಡು ಹೇಗಂತೆ?" ಯಾರೂ ಓದಿರಲಿಲ್ಲ. ಓದಿದೆವು. ಗೋದಾಮಿನ ನಿಯಮವೇ ಅನ್ವಯ ಎಂದಿತ್ತು. ಅಜ್ಜ ಲೋಟ ಕೊಡವಿ ಎದ್ದ. "ಈಗ ಶನಿವಾರ, ಆಮೇಲೆ ಶುಕ್ರವಾರ. ಅಗ್ಗದ ಡ್ರೈವರ್ ಸಿಗೋವಾಗ ನಿನ್ನನ್ನ ಯಾಕಪ್ಪಾ ಇಟ್ಕೋತಾರೆ?" ಎಂದು ಆ ಹುಡುಗನ ಬೆನ್ನು ತಟ್ಟಿ ಹೋದ. ಅಲ್ಲಿಂದ ಮುಂದೆ ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ.

ಪಾರ್ಟ್‌ಟೈಮ್ ಡ್ರೈವರುಗಳದ್ದು ದೊಡ್ಡ ವಿಷಯವಲ್ಲ ಎಂದು ನೀನು ಬರೆದಿದ್ದೆ. ಅದೇ ಸಾಲು.

ಇನ್ನೊಂದು ಸುದ್ದಿ. ಗೋದಾಮಿನ ಕಡೆಯವರೊಬ್ಬರು ಸಮಿತಿಯಲ್ಲಿ ಕೂರಲೇಬೇಕೆಂದು ಗಲಾಟೆಯಾಗಿ ನನ್ನನ್ನು ಆರಿಸಿದ್ದಾರೆ. ನೀನು ರಾಜೀನಾಮೆ ಕೊಟ್ಟು ಊರಿಗೆ ಹೊರಟಿದ್ದೀಯೆಂದು ಕೇಳಿದೆ. ಬೇಡ ಎನ್ನಬೇಕೆಂದು ಎರಡು ಸಲ ಫೋನು ಕೈಗೆತ್ತಿಕೊಂಡೆ. ಮಾಡಲಿಲ್ಲ. ನೀನು ಬರುವ ಬಸ್ಸು, ನಾನು ಹೋಗುವ ಬಸ್ಸು ದಾರಿಯಲ್ಲೆಲ್ಲೋ ಎದುರಾಗುತ್ತವೆ. ಇದನ್ನು ಒಂದು ಚೀಲದಲ್ಲಿಟ್ಟು ನಿನ್ನ ಮನೆ ಬಾಗಿಲ ಚಿಲಕಕ್ಕೆ ನೇತುಹಾಕಿ ಹೋಗುತ್ತೇನೆ. ಅಂಗಿಯೂ ಇದೆ, ಭಾವ ಹೊಲಿದದ್ದು.

ಅಕ್ಕ


ಜೂನ್ 19

ತಮ್ಮಾ,

ಕೂತೆ. ಒಂದು ದಿನವಲ್ಲ, ಎರಡು ವಾರ.

ವಕೀಲೆ ನನಗೂ ಚಹಾ ತಂದುಕೊಟ್ಟರು. ನನ್ನ ಮಂಡಿನೋವು ಹೇಗಿದೆ ಎಂದು ಕೇಳಿದರು. ಕುರ್ಚಿ ಎಷ್ಟು ಮೆತ್ತಗಿದೆಯೆಂದರೆ ಸಿಟ್ಟು ಮಾಡಿಕೊಂಡು ಕೂರಲು ಆಗುವುದಿಲ್ಲ, ಬೆನ್ನು ತಾನಾಗಿ ಒರಗುತ್ತದೆ. ಈಗ ನಾನು ಕುರ್ಚಿಯ ತುದಿಯಲ್ಲಿ ಕೂರುತ್ತೇನೆ. ಅವರ ಕಡೆಯವನೊಬ್ಬ ನಮ್ಮ ಗಂಟೆಗಳನ್ನು ಗೆರೆ ಎಳೆದು ಚಿತ್ರದಲ್ಲಿ ತೋರಿಸಿದ. ತಿಂಗಳ ಕೊನೆಗೆ ಗೆರೆ ಬಾಗುತ್ತದೆ. "ಮಾಲು ಕಡಿಮೆ ಬರುತ್ತೆ" ಎಂದ. ಸಾಲುಗಟ್ಟಿ ನಿಂತ ಲಾರಿಗಳು ನಿಮ್ಮ ಚಿತ್ರದಲ್ಲಿ ಎಲ್ಲಿವೆ ಎಂದು ಕೇಳಿದೆ. ಅವನು ವಕೀಲೆಯ ಮುಖ ನೋಡಿದ, ಅವರು ಬರೆದುಕೊಂಡರು.

ನಿನ್ನೆ ಅವರೇ ಒಂದು ಮಾತು ಮುಂದಿಟ್ಟರು. ತಿಂಗಳ ಗಂಟೆಯ ಷರತ್ತು ತೆಗೆದುಹಾಕುತ್ತಾರಂತೆ, ಪೂರ್ತಿಯಾಗಿ. ಗೋದಾಮಿನವರೆಲ್ಲರಿಗೂ ವರ್ಷವಿಡೀ ಕಾರ್ಡು. ಬದಲಿಗೆ ಡ್ರೈವರುಗಳು ಆರನೇ ದಿನ ಕರೆದಾಗ ಬರಲೇಬೇಕು, ಇಲ್ಲವೆನ್ನುವ ಹಕ್ಕು ವಾಪಸು. ಅಂದರೆ ನಿನ್ನ ಭಾನುವಾರ. ಅಧ್ಯಕ್ಷರು ಕಾರಿಡಾರಿನಲ್ಲಿ ನನ್ನ ಕಿವಿಯಲ್ಲಿ, "ನೀವು ಕೇಳಿದ್ದು ಸಿಗ್ತಿದೆಯಲ್ಲಮ್ಮ, ಇನ್ನೇನು?" ಎಂದರು.

ತಮ್ಮಾ, ಆ ಪೆನ್ನು ಹೇಗೆ ಕೈಗೆ ಬರುತ್ತದೆಂದು ಈಗ ನೋಡಿದೆ. ಹಾಗೆಂದು ನೀನು ಮಾಡಿದ್ದು ಸರಿಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ನೀನು ಹೇಳಿದ್ದೂ ಸುಳ್ಳಲ್ಲ.

ನಿಮ್ಮವರನ್ನು ಕೇಳದೆ ನಾನು ಏನೂ ಮಾಡುವುದಿಲ್ಲವೆಂದು ಹೇಳಿ ಎದ್ದು ಬಂದೆ. ನಮ್ಮ ಜೇಬಿನಿಂದ ತೆಗೆದು ನಿಮಗೆ, ನಿಮ್ಮ ಜೇಬಿನಿಂದ ತೆಗೆದು ನಮಗೆ. ಅವರ ಜೇಬು ಹೊಲಿದೇ ಇದೆ. ನೀನು ಡ್ರೈವರುಗಳ ಮುಂದೆ ಇದನ್ನು ಓದು. ಅವರು ಏನು ಹೇಳುತ್ತಾರೋ ಹಾಗೇ ಬರೆ, ನನಗೆ ಹಿತವಾಗಲೆಂದು ತಿದ್ದಬೇಡ.

ನಿನ್ನ ಅಕ್ಕ


ಜೂನ್ 25

ಅಕ್ಕಾ,

ಓದಿದೆ. ವ್ಯಾನಿನ ಹಿಂಬಾಗಿಲಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಹಿಂದಿನ ಸಲ ಸಹಿ ಹಾಕಿ ಬಂದವನು ಇವನೇ ಎಂದು ಕೆಲವರು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ.

ಎಲ್ಲರೂ ದೊಡ್ಡ ಮನಸ್ಸು ಮಾಡಿದರೆಂದು ತಿಳಿಯಬೇಡ. "ಗೋದಾಮಿನವರಿಗೋಸ್ಕರ ನಾವ್ಯಾಕೆ ಭಾನುವಾರ ಕೊಡ್ಬೇಕು?" ಎಂದರು. ಕೊಡಬೇಡಿ, ನಿಮ್ಮನ್ನು ಕೇಳದೆ ಕೊಡುವುದಿಲ್ಲವೆಂದೇ ನಮ್ಮಕ್ಕ ಬರೆದಿದ್ದಾಳೆ ಎಂದೆ. ಆಗ ಒಬ್ಬ, "ಅವಳಿಗೆ ಬೇಕಾದ್ದು ಕೈಗೆ ಬಂದಿತ್ತು, ಆದ್ರೂ ನಮ್ಮನ್ನ ಕೇಳಿ ಕಳ್ಸಿದಾಳಾ?" ಎಂದು ಮತ್ತೆ ಮತ್ತೆ ಕೇಳಿದ. ಹೌದು ಎಂದೆ. ಕೊನೆಗೆ ಕಂಪನಿಯ ಮಾತು ಬೇಡ, ಮುಷ್ಕರವೇ ಸರಿ ಎಂದು ಕೈ ಎತ್ತಿದರು.

ನಾಳೆಯಿಂದ ಗಾಡಿ ತೆಗೆಯುವುದಿಲ್ಲ. ಬೆಲ್ಟಿನವರೂ ನಾವೂ ಒಟ್ಟಿಗೆ. ನನ್ನ ಹೆಂಡತಿಗೆ ಹೇಳಿದೆ. "ಮುಂಗಡ ಕೊಡೋದು ಮುಂದೆ ಹೋಯ್ತು ಅನ್ನು" ಎಂದಳು, ಬೆನ್ನು ತಿರುಗಿಸಿಕೊಂಡೇ. ಆಮೇಲೆ ಗೇಟಿಗೆ ತೆಗೆದುಕೊಂಡು ಹೋಗಲು ದೊಡ್ಡ ಫ್ಲಾಸ್ಕು ಹುಡುಕಿ ಕೊಟ್ಟಳು.

ದಯವಿಟ್ಟು ಸಂಜೆ ಬಂದು, "ದಯವಿಟ್ಟು ಹೀಗೆಲ್ಲ ಮಾಡ್ಬೇಡಿ" ಎಂದ. ಎಲ್ಲರೂ ಒಟ್ಟಿಗೆ, "ಮನೇಗೆ ಹೋಗಿ ರೆಸ್ಟ್ ತಗೊಳ್ಳಿ ಸಾರ್" ಎಂದೆವು. ಅಷ್ಟು ನಕ್ಕು ಬಹಳ ದಿನವಾಗಿತ್ತು.

ನಿನ್ನ ತಮ್ಮ


ಜುಲೈ 13

ತಮ್ಮಾ,

ಸಹಿಯಾಯಿತು. ನಿಮ್ಮ ಮತಕ್ಕಾಗಿ ನಾಳೆ ಬೋರ್ಡಿಗೆ ಅಂಟಿಸುತ್ತಾರೆ.

ತಿಂಗಳ ಗಂಟೆ ಹೋಯಿತು. ಈ ಸಾಲನ್ನು ಎರಡನೇ ಸಲ ಬರೆಯಬೇಕು ಅನ್ನಿಸುತ್ತದೆ, ತಿಂಗಳ ಗಂಟೆ ಹೋಯಿತು. ಭಾನುವಾರ ನಿಮ್ಮದೇ. ವಾರದ ಕೊನೆಯ ಪಾರ್ಟ್‌ಟೈಮ್ ಡ್ರೈವರುಗಳು ಉಳಿದರು, ಆದರೆ ಅವರಿಗೂ ಕಾರ್ಡು ಕೊಡಬೇಕು. ಮುಷ್ಕರದ ದಿನಗಳ ಸಂಬಳ ಕೊಡುವುದಿಲ್ಲ.

ಈಗ ಕೆಟ್ಟದ್ದು. ಕೊನೆಯ ಪುಟದಲ್ಲಿ ಒಂದು ಸಾಲು ಸೇರಿಸಿದರು. ಈ ದಿನದವರೆಗೆ ಸಂಘ ಕೊಟ್ಟಿರುವ ದೂರುಗಳೆಲ್ಲ ಇತ್ಯರ್ಥವಾದಂತೆ. ಅಂದರೆ ಗುಬ್ಬಚ್ಚಿಯ ದೂರು. ಅದನ್ನು ತೆಗೆಯದೆ ಸಹಿ ಹಾಕುವುದಿಲ್ಲವೆಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆ. ವಕೀಲೆ, "ಇದು ಮಾಮೂಲಿ ಸಾಲು" ಎಂದರು. ಒಬ್ಬ ಹೆಂಗಸಿನ ಭುಜ ಮುರಿದದ್ದು ನಿಮಗೆ ಮಾಮೂಲಿಯೇ ಎಂದೆ. ಅಧ್ಯಕ್ಷರು, "ಒಬ್ಬಳಿಗೋಸ್ಕರ ಇಷ್ಟು ಜನರದ್ದು ಕೆಡಿಸ್ತೀರಾ?" ಎಂದರು. ನಮ್ಮ ಸಮಿತಿಯಲ್ಲೇ ಕೈ ಎತ್ತಿಸಿದರು. ನನ್ನದೊಂದೇ ಕೈ ಕೆಳಗೆ ಉಳಿಯಿತು.

ಹಾಕಿದೆ ತಮ್ಮಾ. ಬೆಲ್ಟಿನ ಅಷ್ಟೂ ಹೆಂಗಸರ ಮುಖ ಕಣ್ಣ ಮುಂದೆ ಬಂತು, ಹಾಕಿದೆ. ಕಣ್ಣೀರು ಬರಲಿಲ್ಲ. ಸಿಟ್ಟು ಬಂದಿದೆ, ಅದನ್ನು ಯಾರ ಮೇಲೆ ಹಾಕಲಿ ಎಂದು ತಿಳಿಯದೆ ಕೂತಿದ್ದೇನೆ.

ಕಾಗದಪತ್ರದ ಕೆಲಸಕ್ಕೆ ಇನ್ನೂ ಕೆಲವು ದಿನ ಇಲ್ಲೇ ಇರಬೇಕು. ಗುಬ್ಬಚ್ಚಿಗೆ ನೀನು ಹೇಳಬೇಡ. ಬಂದು ನಾನೇ ಹೇಳುತ್ತೇನೆ.

ಅಕ್ಕ


ಜುಲೈ 20

ಅಕ್ಕಾ,

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅವಳು ಬೋರ್ಡಿನ ಮುಂದೆ ನಿಂತು ಕೊನೆಯ ಪುಟದವರೆಗೆ ಓದಿದಳು. ಬೆರಳಿಟ್ಟು ಓದಿದಳು. ಹಿಂದೆ ಜನ ತಳ್ಳುತ್ತಿದ್ದರೂ ಅಲುಗಲಿಲ್ಲ.

ಒಪ್ಪಂದ ದೊಡ್ಡ ಬಹುಮತದಲ್ಲಿ ಗೆದ್ದಿದೆ. ಬೆಲ್ಟಿನವರು ನಿನ್ನ ಹೆಸರು ಹಿಡಿದು ಕೂಗಿದರು. ನಾನೂ ಒಪ್ಪಿಗೆ ಎಂದೇ ಹಾಕಿದೆ. ಹೊರಗೆ ಬಂದಾಗ ಗುಬ್ಬಚ್ಚಿ ಗೇಟಿನ ಪಕ್ಕ ನಿಂತಿದ್ದಳು. ತಪ್ಪಿಸಿಕೊಂಡು ಹೋಗಬೇಕೆನ್ನಿಸಿತು, ಹೋಗಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನಾನು ಬೇಡ ಅಂತ ಹಾಕ್ದೆ. ಅಕ್ಕಂಗೆ ಬರೀರಿ, ಬೇರೆಯೋರಿಂದ ಗೊತ್ತಾಗೋದು ಬೇಡ. ಎಲ್ಲರಿಗೂ ಒಳ್ಳೇದಾಯ್ತು, ನನಗೆ ಗೊತ್ತು. ಆದ್ರೂ ನನ್ನ ಭುಜದ ಪರವಾಗಿ ಒಬ್ರಾದ್ರೂ ಬೇಡ ಅನ್ಬೇಕಲ್ಲ."

ಅವಳು ಮುಂದುವರಿಸಿದಳು. "ದೂರು ಬಿಟ್ಟಿದ್ದು ಸಂಘ. ನಾನು ಬಿಟ್ಟಿಲ್ಲ. ಕಾರ್ಮಿಕ ನ್ಯಾಯಾಲಯಕ್ಕೆ ನಾನೇ ಹೋಗ್ಬಹುದಂತೆ, ಕೇಳ್ಕೊಂಡು ಬಂದೆ. ಅವನು ನನಗೆ ಲಾರಿ ಇಳಿಸು ಅಂದಾಗ ಅಲ್ಲಿದ್ದಿದ್ದು ಅಕ್ಕ ಒಬ್ರೇ. ಸಾಕ್ಷಿ ಹೇಳ್ತಾರಾ ಅಂತ ಕೇಳಿ. ಆಗಲ್ಲ ಅಂದ್ರೂ ಬೇಜಾರಿಲ್ಲ, ಆದ್ರೆ ಬೇಗ ಹೇಳ್ಲಿ."

ಬೇಜಾರಿಲ್ಲ ಎಂದದ್ದು ನಿಜವೋ ಅಲ್ಲವೋ ಅವಳ ಮುಖದಲ್ಲಿ ತಿಳಿಯಲಿಲ್ಲ. ನಾನು ಅವಳ ಕೈಚೀಲ ಹಿಡಿದುಕೊಂಡು ಬಸ್ಸಿನವರೆಗೆ ಹೋದೆ.

ನಿನ್ನ ತಮ್ಮ


ಜುಲೈ 23

ತಮ್ಮಾ,

ಲಾರಿ ಅಜ್ಜ ಕೆಳಗೆ ಇಂಜಿನ್ ನಿಲ್ಲಿಸದೆ ಕಾಯುತ್ತಿದ್ದಾನೆ, ಅದಕ್ಕೇ ಚುಟುಕಾಗಿ ಬರೆಯುತ್ತೇನೆ.

ಅಧ್ಯಕ್ಷರಿಗೆ ಹೇಳಿದೆ. ಸಮಿತಿಯವಳು ಕಂಪನಿಯ ವಿರುದ್ಧ ಸಾಕ್ಷಿ ಹೇಳಿದರೆ ಇನ್ನೂ ಮಸಿ ಆರದ ಒಪ್ಪಂದಕ್ಕೆ ಮುಖವೇನು ಉಳಿಯಿತು ಎಂದು ಕೂಗಾಡಿದರು. ಹಾಗಾದರೆ ಸಮಿತಿಯಲ್ಲಿ ನಾನು ಇರುವುದಿಲ್ಲ ಎಂದೆ. ಯೋಚನೆ ಮಾಡಿ ಎಂದರು. ಅವರು ಎದುರಿಗೆ ಕೂತಿರುವಾಗಲೇ ಇದನ್ನು ಬರೆಯುತ್ತಿದ್ದೇನೆ, ಓದಿಕೊಂಡರೆ ಓದಿಕೊಳ್ಳಲಿ.

ಸಾಕ್ಷಿ ಹೇಳುತ್ತೇನೆ ಎನ್ನು ಅವಳಿಗೆ. ವಿಚಾರಣೆ ಯಾವತ್ತೆಂದು ಕೇಳಿಟ್ಟುಕೋ, ಮೊದಲೇ ರಜೆ ಹಾಕಬೇಕು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಮನೆಗೆ ಬರುವುದಿಲ್ಲ, ನೇರ ಅವಳಲ್ಲಿಗೆ ಹೋಗುತ್ತೇನೆ. ನೀನೂ ಬಾ. ನಾನು ಬಾಗಿಲು ತಟ್ಟುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು.

ನಿನ್ನ ಅಕ್ಕ